ಊರ ಅಂಚಿನ ಪ್ಲಾಟು: ಕಾಗದವನ್ನೂ ಕೇಳಿ, ಕಟ್ಟೆಯನ್ನೂ ಕೇಳಿ

ಪ್ರಶ್ನೆ: ನಾನು ಕಲಬುರಗಿಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಹನ್ನೊಂದು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇವೆ. ಹುಮನಾಬಾದ್ ರಸ್ತೆಯಲ್ಲಿ, ಸುಮಾರು 16 ಕಿ.ಮೀ. ದೂರದ ಒಂದು ಹಳ್ಳಿಯ ಅಂಚಿಗೆ 30×40 ಪ್ಲಾಟು 4 ಲಕ್ಷ 80 ಸಾವಿರಕ್ಕೆ ಸಿಗುತ್ತಿದೆ. ಎರಡು ಎಕರೆ ಹೊಲದಲ್ಲಿ 60 ಪ್ಲಾಟು ಹಾಕಿದ್ದಾರೆ. ಏಜೆಂಟರು ಪಹಣಿ ತೋರಿಸಿದರು. "ಈಗ ಬಾಂಡ್ ಮೇಲೆ ಬರೆದುಕೊಳ್ಳೋಣ, ಎನ್‌ಎ (ಹೊಲವನ್ನು ಕೃಷಿಯೇತರ ಬಳಕೆಗೆ ಬದಲಾಯಿಸುವುದು) ಆದಮೇಲೆ ರಜಿಸ್ಟ್ರಿ" ಅಂತಾರೆ. ತಗೋಬಹುದಾ ಸರ್? ಮನೆಯಲ್ಲಿ ವಯಸ್ಸಾದ ಅತ್ತೆ, ಇಬ್ಬರು ಮಕ್ಕಳು. ಪೇಟೆಯಲ್ಲಿ ಬೆಳೆದ ನಾವು ಹಳ್ಳಿಗೆ ಹೊಂದಿಕೊಳ್ಳುತ್ತೇವಾ ಅನ್ನೋದೂ ಒಂದು ಚಿಂತೆ.

ಉತ್ತರ: ಶರಣು ತಂಗಿ. ಸುತ್ತಿ ಬಳಸಿ ಹೇಳುವುದಿಲ್ಲ. ಈ ಪ್ಲಾಟನ್ನು ಈ ರೀತಿಯಲ್ಲಿ ತಗೋಬೇಡಿ. ಹಳ್ಳಿಯಲ್ಲಿ ಮನೆ ಮಾಡುವ ಆಸೆಯನ್ನು ಮಾತ್ರ ಬಿಡಬೇಡಿ. ಮೂವತ್ತು ವರ್ಷ ಭೂಮಾಪಕನಾಗಿ ಇದೇ ಜಿಲ್ಲೆಯಲ್ಲಿ ಸರಪಳಿ ಎಳೆದವನು ನಾನು. ನಿವೃತ್ತಿಯಾದ ಮೇಲೆ ಕಮಲಾಪುರದ ಕಡೆ ಒಂದು ಹಳ್ಳಿಯಲ್ಲಿ ಮನೆ ಕಟ್ಟಿಕೊಂಡು ಇದ್ದೇನೆ. ಅಲ್ಲಿ ನಾನೇ ಹೇಗೆ ಎಡವಿದೆ ಅನ್ನೋದನ್ನೂ ಮುಂದೆ ಹೇಳುತ್ತೇನೆ.

ನಮ್ಮ ಕಡೆ ಒಂದು ಜಾಗಕ್ಕೆ ಎರಡು ದಾಖಲೆ ಇರುತ್ತವೆ. ಒಂದು ಕಚೇರಿಯ ಕಪಾಟಿನಲ್ಲಿ. ಇನ್ನೊಂದು ಊರ ಕಟ್ಟೆ ಮೇಲೆ ಕೂತ ಹಿರಿಯರ ಬಾಯಲ್ಲಿ. ಎರಡೂ ಒಂದೇ ಮಾತು ಹೇಳಿದರೆ ತಗೊಳ್ಳಿ. ಒಂದಕ್ಕೊಂದು ತಾಳೆ ಬೀಳದಿದ್ದರೆ ಎಷ್ಟೇ ಅಗ್ಗ ಇರಲಿ, ಎದ್ದು ಬನ್ನಿ.

ಮೊದಲು ಸ್ವಲ್ಪ ಲೆಕ್ಕ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಹಾಗಾದರೆ ಎರಡು ಎಕರೆ ಎಂದರೆ 87,120 ಚದರ ಅಡಿ. 30×40ರ 60 ಪ್ಲಾಟು ಎಂದರೆ 72,000. ಉಳಿದದ್ದು 15,120 ಚದರ ಅಡಿ, ನೂರಕ್ಕೆ ಹದಿನೇಳು ಪಾಲು. ರಸ್ತೆ, ಚರಂಡಿ, ನೀರಿನ ಟ್ಯಾಂಕು, ಮಕ್ಕಳು ಆಡುವ ಬಯಲು ಎಲ್ಲ ಇದರಲ್ಲೇ ಆಗಬೇಕು. ಆಗುವುದಿಲ್ಲ. ಮಂಜೂರಾದ ಲೇಔಟಿನಲ್ಲಿ ರಸ್ತೆಗೆ, ಉದ್ಯಾನಕ್ಕೆ, ನಾಗರಿಕ ಸೌಲಭ್ಯಕ್ಕೆ ಜಾಗ ಬಿಡಲೇಬೇಕು. ಈ ನಕ್ಷೆಯನ್ನು ಯಾವ ಪ್ರಾಧಿಕಾರದ ಮುಂದೆ ಇಟ್ಟರೂ ಮಂಜೂರಾಗಲಾರದು. ಅಂದರೆ "ಎನ್‌ಎ ಆದಮೇಲೆ" ಎಂಬ ಮಾತೇ ಗಾಳಿ ಮಾತು. ನಾಳೆ ನಿಜವಾಗಿ ಲೇಔಟ್ ಮಾಡಲು ಹೊರಟರೆ ಕೆಲವು ಪ್ಲಾಟುಗಳು ರಸ್ತೆಯಾಗಿ ಹೋಗಬೇಕು. ಯಾರದು ಹೋಗಬೇಕು? ನಿಮ್ಮದೇ ಇರಬಹುದಲ್ವಾ? ಅಂದಹಾಗೆ, 500 ಚದರ ಮೀಟರಿಗಿಂತ ದೊಡ್ಡ ಲೇಔಟನ್ನು ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಾಯಿಸದೆ ಮಾರುವಂತಿಲ್ಲ. ಎರಡು ಎಕರೆ ಎಂದರೆ 8,000 ಚದರ ಮೀಟರಿಗೂ ಜಾಸ್ತಿ. ಏಜೆಂಟರ ಹತ್ತಿರ ರೇರಾ ನಂಬರ್ ಕೇಳಿ, ಮುಖ ನೋಡಿ.

ಇನ್ನು ಬಾಂಡ್. 100 ರೂಪಾಯಿ ಬಾಂಡ್ ಪೇಪರಿನ ಮೇಲೆ ಜನಕ್ಕೆ ಅದೇನು ನಂಬಿಕೆಯೋ! 1908ರ ನೋಂದಣಿ ಕಾಯ್ದೆಯ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಜಾಗದ ಮಾರಾಟ ನೋಂದಣಿ ಆಗಲೇಬೇಕು. ನೋಟರಿ ಸಿಕ್ಕಾ ಹೊಡೆದರೂ, ನಾಲ್ಕು ಸಾಕ್ಷಿ ಸಹಿ ಹಾಕಿದರೂ ಅದು ಖರೀದಿ ಪತ್ರ ಆಗುವುದಿಲ್ಲ. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಬರೆದುಕೊಡುತ್ತೇವೆ ಎಂದರೂ ಅಷ್ಟೇ. ಜಿಪಿಎ ಮೂಲಕ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಒಂದೇ ಪ್ಲಾಟನ್ನು ಬಾಂಡ್ ಮೇಲೆ ಮೂವರಿಗೆ ಮಾರಿದ್ದನ್ನು ನಾನು ಅಳತೆಗೆ ಹೋದಾಗ ಕಂಡಿದ್ದೇನೆ. ಮೂವರೂ ಒಂದೇ ಕಲ್ಲಿನ ಹತ್ತಿರ ನಿಂತು ತಮ್ಮ ತಮ್ಮ ಬಾಂಡ್ ತೋರಿಸುತ್ತಿದ್ದರು. ನಾನು ಸರಪಳಿ ಬಿಚ್ಚದೆ ವಾಪಸ್ ಬಂದೆ.

"2020ರಿಂದ ಯಾರು ಬೇಕಾದರೂ ಹೊಲ ತಗೋಬಹುದಂತೆ" ಎಂದು ಏಜೆಂಟರು ಹೇಳಿರಬೇಕು. ಅದು ನಿಜ. ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಿದರು. ರೈತರಲ್ಲದವರೂ ಕೃಷಿ ಜಮೀನು ಖರೀದಿಸಬಹುದು. ಆದರೆ ಹೊಲ ಕೊಳ್ಳುವುದು ಬೇರೆ, ಹೊಲದಲ್ಲಿ ಮನೆಗಳ ಸಾಲು ಕಟ್ಟುವುದು ಬೇರೆ. ಅದಕ್ಕೆ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ಜಿಲ್ಲಾಧಿಕಾರಿಗಳ ಆದೇಶ ಬೇಕು. ನಾವು ಎನ್‌ಎ ಅನ್ನುವುದು ಅದಕ್ಕೇ. ಎನ್‌ಎ ಆದಮೇಲೂ ಲೇಔಟ್ ನಕ್ಷೆ ಬೇರೆಯಾಗಿ ಮಂಜೂರಾಗಬೇಕು. ಜಾಗ ಎಲ್ಲಿದೆ ಎಂಬುದರ ಮೇಲೆ ನಗರಾಭಿವೃದ್ಧಿ ಪ್ರಾಧಿಕಾರ ಇಲ್ಲವೇ ನಗರ ಮತ್ತು ಗ್ರಾಮಾಂತರ ಯೋಜನೆ ಇಲಾಖೆ ಮಂಜೂರು ಮಾಡುತ್ತದೆ. ಎರಡು ಆದೇಶ, ಎರಡು ಕಾಗದ. ಒಂದನ್ನು ತೋರಿಸಿ ಎರಡೂ ಆಯಿತು ಅನ್ನುವವರು ಬಹಳ ಜನ.

ಬೇರೆ ಜಾಗ ನೋಡುವಾಗ ಪಂಚಾಯಿತಿ ಇ-ಸ್ವತ್ತು ಕಾಗದ ಕೇಳಿ. ಗಾವಠಾಣದೊಳಗಿನ (ಊರಿನ ಮನೆಗಳಿರುವ ನೆಲದ) ಜಾಗಕ್ಕೆ, ಮಂಜೂರಾದ ಲೇಔಟಿಗೆ ನಮೂನೆ 9 ಮತ್ತು 11ಎ ಬರುತ್ತದೆ. ಕ್ರಮಬದ್ಧ ಅಲ್ಲದ ಜಾಗಕ್ಕೆ 11ಬಿ. 11ಬಿ ಎಂದರೆ ಪಂಚಾಯಿತಿ ತೆರಿಗೆ ವಸೂಲಿಗೆ ಬರೆದುಕೊಂಡ ಲೆಕ್ಕ, ಅಷ್ಟೇ ಅಂತ ತಿಳಿಯಿರಿ. ಖಾತೆ ಯಾವುದೇ ಆಗಲಿ, ಅದು ಮಾಲೀಕತ್ವದ ಪತ್ರ ಅಲ್ಲ. ನನ್ನ ಮಟ್ಟಿಗೆ ಒಂದು ಸುಲಭ ಪರೀಕ್ಷೆ ಇದೆ. ನಿಮಗೆ ಸಾಲ ಬೇಡವಾದರೂ ಬ್ಯಾಂಕಿಗೆ ಹೋಗಿ ಈ ಜಾಗಕ್ಕೆ ಸಾಲ ಕೊಡುತ್ತೀರಾ ಎಂದು ಕೇಳಿ. ಅವರ ವಕೀಲರು ಮೂಗು ಮುರಿದರೆ ನೀವೂ ಮುರಿಯಿರಿ.

ಈಗ ಪಹಣಿ. ಏಜೆಂಟರು ತೋರಿಸಿದ್ದು ಈ ವರ್ಷದ್ದು ಒಂದೇ ಇರಬೇಕು. ನೀವು ಸರ್ವೆ ನಂಬರ್ ಹಾಕಿ ನೀವೇ ತೆಗೆಸಿಕೊಳ್ಳಿ. ಒಂಬತ್ತನೇ ಕಾಲಮಿನಲ್ಲಿ ಮಾಲೀಕರ ಹೆಸರು ಇರುತ್ತದೆ. ಎಲ್ಲರೂ ಅದನ್ನೊಂದೇ ಓದುತ್ತಾರೆ. ಪಕ್ಕದ ಹತ್ತನೇ ಕಾಲಮಿನಲ್ಲಿ ಆ ಹೆಸರು ಹೇಗೆ ಬಂತು ಅಂತ ಇದೆ: ಖರೀದಿಯೋ, ವಾಟ್ನಿಯೋ (ಪಾಲು), ಫೌತಿಯೋ (ಸತ್ತವರಿಂದ ವಾರಸುದಾರರಿಗೆ), ಸರ್ಕಾರದ ಮಂಜೂರಾತಿಯೋ. ಹನ್ನೊಂದರಲ್ಲಿ ಬ್ಯಾಂಕ್ ಸಾಲ, ಕೋರ್ಟ್ ತಡೆ ಇತ್ಯಾದಿ. ಮೇಲೆ ವಿಸ್ತೀರ್ಣದ ಹತ್ತಿರ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ, ಎಷ್ಟು ಅಂತ ಬರೆದಿರುತ್ತದೆ. 'ಬ' ಖರಾಬು ಇದ್ದರೆ ಅಷ್ಟು ಜಾಗ ಹಳ್ಳಕ್ಕೋ ಬಂಡಿ ದಾರಿಗೋ ಸೇರಿದ್ದು, ಮಾರುವುದಕ್ಕೆ ಬರುವುದಿಲ್ಲ. ಪ್ಲಾಟು ಹಾಕುವವರು ಇದನ್ನೂ ಸೇರಿಸಿ ಎಣಿಸಿಬಿಡುತ್ತಾರೆ.

ಮಂಜೂರಾತಿ ಜಮೀನು ಎಂದು ಕಂಡರೆ ಅಲ್ಲೇ ನಿಲ್ಲಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಕೊಳ್ಳುವಂತಿಲ್ಲ. ಕೊಂಡರೆ ಮೂಲ ಕುಟುಂಬ ವಾಪಸ್ ಕೇಳಬಹುದು, ಅದಕ್ಕೆ ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಬಡವರ ಜಮೀನು ಉಳಿಯಲಿ ಅಂತ ಮಾಡಿದ ಕಾಯ್ದೆ, ಸರಿಯಾಗಿಯೇ ಇದೆ. ನಡುವೆ ಸಿಕ್ಕಿಹಾಕಿಕೊಳ್ಳುವುದು ಕೇಳದೆ ಕೊಂಡವರು.

ನಮ್ಮ ಭಾಗದ ಇನ್ನೊಂದು ತೊಡಕು ಇತಿಹಾಸದ್ದು. 1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದವರು. 1956ರ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. ಜಾಗೀರು, ಇನಾಮು ಈ ನಡುವಿನ ಕಾಲದಲ್ಲೂ ಆಮೇಲೂ ಕೈ ಬದಲಾದವು. ಗುಡಿಗೆ, ದರ್ಗಾಕ್ಕೆ, ಮಠಕ್ಕೆ ಬಿಟ್ಟ ಜಮೀನು ಪ್ರತಿ ಊರಲ್ಲೂ ಒಂದಿಷ್ಟು ಇದ್ದೇ ಇರುತ್ತದೆ. ಆದ್ದರಿಂದ ತಹಸೀಲ್ ಕಚೇರಿಯ ರೆಕಾರ್ಡ್ ರೂಮಿನಿಂದ 1954-55ರ ಖಾಸ್ರಾ ಪಹಣಿಯ ನಕಲು ತೆಗೆಸಿ. ಅಲ್ಲಿಂದ ಇಲ್ಲಿಯವರೆಗೆ ಹೆಸರುಗಳು ಸರಪಳಿಯ ಕೊಂಡಿಗಳಂತೆ ಕೂಡಬೇಕು. ಜೊತೆಗೆ 30 ವರ್ಷದ ಋಣಭಾರ ಪತ್ರ, ಅಂದರೆ ಇಸಿ. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆನ್‌ಲೈನ್ ಸಿಗುತ್ತದೆ. ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅರ್ಜಿ ಕೊಡಬೇಕು. ಎರಡು ಸಲ ಓಡಾಟ ಆಗುತ್ತದೆ, ಆಗಲಿ.

ಇಷ್ಟು ಕಾಗದದ ಮಾತು. ಆದರೆ ಪಹಣಿಯಲ್ಲಿ ಕಾಣದ ಒಂದು ದೊಡ್ಡ ವಿಷಯ ಇದೆ: ಹೆಣ್ಣುಮಕ್ಕಳು. ಅಪ್ಪ ತೀರಿಕೊಂಡ ಮೇಲೆ ಗಂಡುಮಕ್ಕಳ ಹೆಸರಿಗೆ ಮಾತ್ರ ಫೌತಿ ಮಾಡಿಸಿಕೊಂಡು ಸುಮ್ಮನಿರುವುದು ನಮ್ಮಲ್ಲಿ ಮೊದಲಿಂದ ನಡೆದುಬಂದ ರೂಢಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. 2005ರಲ್ಲಿ ತಂದೆ ಬದುಕಿರಬೇಕಿತ್ತು ಎಂಬ ವಾದವನ್ನೂ ಸುಪ್ರೀಂ ಕೋರ್ಟ್ 2020ರಲ್ಲಿ ತಳ್ಳಿಹಾಕಿತು. ಆಳಂದಕ್ಕೋ ಸೊಲ್ಲಾಪುರಕ್ಕೋ ಮದುವೆಯಾಗಿ ಹೋದ ತಂಗಿಯ ಸಹಿ ಇಲ್ಲದ ಖರೀದಿ ಪತ್ರ ಅರ್ಧ ಬೆಂದ ರೊಟ್ಟಿ ಇದ್ದಂತೆ. ವಂಶವೃಕ್ಷ ಕೇಳಿ, ಅದರಲ್ಲಿರುವ ಎಲ್ಲರನ್ನೂ ಸಹಿಗೆ ಕರೆಸಿ.

ಆದರೆ ವಂಶವೃಕ್ಷದಲ್ಲೇ ಹೆಸರು ಬಿಟ್ಟಿದ್ದರೆ? ಅದಕ್ಕೆ ಒಂದು ಉಪಾಯ ಇದೆ, ಇದನ್ನು ಯಾವ ವಕೀಲರೂ ಹೇಳುವುದಿಲ್ಲ. ಎಳ್ಳ ಅಮಾವಾಸ್ಯೆ ದಿನ ಆ ಹೊಲಕ್ಕೆ ಹೋಗಿ. ನಮ್ಮ ಕಡೆ ಆ ದಿನ ಊರೇ ಖಾಲಿ. ಎಲ್ಲರೂ ಬುಟ್ಟಿ ಹೊತ್ತು ಹೊಲದಲ್ಲಿರುತ್ತಾರೆ. ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ. ಚರಗ ಚೆಲ್ಲಿ ಉಣ್ಣಲು ಕೂತಾಗ ಆ ಹೊಲದ ಮೇಲೆ ಯಾರಿಗೆಲ್ಲ ಜೀವ ಇದೆ ಅನ್ನೋದು ಕಣ್ಣಿಗೆ ಬೀಳುತ್ತದೆ. ಹೀಗೇ ಒಬ್ಬ ಪರಿಚಯದವರಿಗಾಗಿ ನಾನು ಒಂದು ಹೊಲಕ್ಕೆ ಹೋಗಿದ್ದೆ. ಪಹಣಿಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಬನ್ನಿ ಗಿಡದ ಕೆಳಗೆ ಕೂತು ಉಣ್ಣುತ್ತಿದ್ದವರು ಹತ್ತೊಂಬತ್ತು ಜನ. ನನ್ನ ತಾಟಿಗೆ ಭಜ್ಜಿ ಬಡಿಸುತ್ತಿದ್ದ ಹೆಣ್ಣುಮಗಳನ್ನು "ನೀವು ಯಾರ್ರೀ ಅವ್ವ?" ಎಂದೆ. "ನಾ ಈ ಮನಿ ಮಗಳ್ರಿ. ನಾವು ಮೂರು ಮಂದಿ ಅಕ್ಕತಂಗ್ಯಾರು. ಹೊಲ ಮಾರ್ತಾರಂತ ಊರಾಗ ಮಂದಿ ಅಂತಾರ, ನಮಗ ಯಾರೂ ಹೇಳಿಲ್ಲರಿ" ಎಂದಳು. ಸೌಟು ಅಲ್ಲೇ ನಿಂತಿತು. ಅಣ್ಣತಮ್ಮಂದಿರು ಅಂಬಲಿ ಕುಡಿಯುವುದರಲ್ಲಿ ಬಹಳ ಮಗ್ನರಾಗಿಬಿಟ್ಟರು. ನನ್ನ ಪರಿಚಯದವರು ಆ ಜಾಗ ಬಿಟ್ಟರು.

ಇನ್ನು ನಾನು ಎಡವಿದ ಕಥೆ. ನಾನು ಕೊಂಡದ್ದು ಗಾವಠಾಣದ ಅಂಚಿನ ಜಾಗ. ನಮೂನೆ 9 ಇತ್ತು, ಇಸಿ ಸ್ವಚ್ಛ ಇತ್ತು. ಅಳತೆ ನಾನೇ ಮಾಡಿದ್ದೆ, ಒಂದಂಗುಲ ತಪ್ಪಿಲ್ಲ. ನೋಡಿದ್ದು ಏಪ್ರಿಲಿನಲ್ಲಿ. ಹತ್ತಡಿ ದಾರಿ, ಟ್ರ್ಯಾಕ್ಟರಿನ ಗಾಲಿ ಗುರುತು, ಜಾಗದವರೆಗೆ ಕಾರು ಹೋಗಿ ನಿಂತಿತು. ಜೂನಿನಲ್ಲಿ ಮಳೆ ಬಿತ್ತು. ಪಾಯ ತೋಡಿಸೋಣ ಎಂದು ಹೋದರೆ ದಾರಿಯೇ ಇಲ್ಲ. ದಾರಿ ಇದ್ದಲ್ಲಿ ಎತ್ತು ಕಟ್ಟಿ ಕುಂಟೆ ಹೊಡೆಯುತ್ತಿದ್ದಾರೆ.

"ಏನ್ರೀ ಕಾಕಾ, ದಾರಿ ಹರಗಿಬಿಟ್ಟೀರಿ?"

"ದಾರಿ ಎಲ್ಲದ ರೀ ಸಾಹೇಬ್ರ? ಇದು ನಮ್ಮ ಹೊಲ. ಬ್ಯಾಸಗ್ಯಾಗ ಖಾಲಿ ಇರ್ತದ, ಮಂದಿ ಹೋಗ್ತಾರ, ನಾವು ಬ್ಯಾಡ ಅನ್ನಂಗಿಲ್ಲ. ತೊಗರಿ ಬಿತ್ತೋದು ಬ್ಯಾಡೇನ್ರಿ?"

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗ್ರಾಮ ನಕಾಶೆ ತೆಗೆದು ನೋಡಿದೆ. ಅಲ್ಲಿ ದಾರಿಯ ಗೆರೆ ಇಲ್ಲ. ಜೀವನವಿಡೀ ಊರವರಿಗೆಲ್ಲ "ನಕಾಶೆ ಕಂಡ ದಾರಿ ಇದೆಯಾ ನೋಡಿಕೊಳ್ಳಿ" ಎಂದು ಹೇಳಿದ ಮನುಷ್ಯ ನನ್ನ ಜಾಗಕ್ಕೆ ಮಾತ್ರ ನೋಡಿರಲಿಲ್ಲ. ಆ ವರ್ಷ ತೊಗರಿ ಎದೆಮಟ್ಟ ಬೆಳೆಯಿತು. ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಹೋಗಿ ನನ್ನ ಜಾಗ ನೋಡಿ ಬರುತ್ತಿದ್ದೆ. ಹೊಲ ಖಾಲಿಯಾದ ಮೇಲೆ ಕಾಕಾನ ಕೈಕಾಲು ಹಿಡಿದು ಹತ್ತಡಿ ಪಟ್ಟಿಗೆ ಹಣ ಕೊಟ್ಟು ದಾರಿಯ ಹಕ್ಕನ್ನು ನೋಂದಣಿ ಮಾಡಿಸಿಕೊಂಡೆ. ಆ ಹಣ ಪ್ಲಾಟಿನ ಬೆಲೆಯ ಕಾಲು ಭಾಗ ಆಯಿತು. ಕೊಳ್ಳುವ ಮೊದಲು ಕಟ್ಟೆ ಮೇಲೆ ಯಾರನ್ನಾದರೂ ಕೇಳಿದ್ದರೆ ಒಂದು ಚಾದ ಖರ್ಚಿನಲ್ಲಿ ಮುಗಿಯುತ್ತಿತ್ತು.

ಆದ್ದರಿಂದ ಜಾಗವನ್ನು ಎರಡು ಸಲ ನೋಡಿ, ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತ ನೆಲದ ಸರ್ವೆ ನಂಬರ್ ತೋರಿಸುತ್ತದೆ. ಏಜೆಂಟರು ತೋರಿಸುವ ಜಾಗ ಒಂದು, ಕಾಗದದ ನಂಬರ್ ಇನ್ನೊಂದು ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆದರೆ ಆ್ಯಪಿನ ಗೆರೆ ನಂಬಿ ಕಾಂಪೌಂಡ್ ಹಾಕಬೇಡಿ. ಅದಕ್ಕೆ ಮಾಲೀಕರಿಂದ ಹದ್ದುಬಸ್ತಿಗೆ ಅರ್ಜಿ ಹಾಕಿಸಿ. ಸರ್ವೆಯವರು ಬಂದು ಅಕ್ಕಪಕ್ಕದವರ ಎದುರಿಗೆ ಅಳೆದು ಕಲ್ಲು ತೋರಿಸುತ್ತಾರೆ. ಆ ದಿನ ನೀವೂ ಹೋಗಿ. ಪಕ್ಕದ ಹೊಲದವರು ಸಹಿ ಹಾಕಲು ಹಿಂದೆ ಮುಂದೆ ನೋಡಿದರೆ ಕಾರಣ ಕೇಳಿ. ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ (ಆ ಭಾಗವನ್ನಷ್ಟೇ ಅಳೆದು ಮಾಡಿದ ಸರ್ವೆ ನಕ್ಷೆ) ಇಲ್ಲದೆ ಮುಂದೆ ಹೋಗಬೇಡಿ.

ಮಣ್ಣಿನ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ತೊಗರಿಗೆ ಇದಕ್ಕಿಂತ ಒಳ್ಳೆ ನೆಲ ಇಲ್ಲ, ಮನೆಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಕೊಳ್ಳುವ ಮೊದಲು ಜೆಸಿಬಿಯಿಂದ ಒಂದು ಗುಂಡಿ ತೋಡಿಸಿ ಮುರುಮು (ಗಟ್ಟಿ ಕಲ್ಲುಮಣ್ಣು) ಎಷ್ಟು ಆಳಕ್ಕೆ ಸಿಗುತ್ತದೆ ನೋಡಿ. ನಾಲ್ಕೈದು ಅಡಿಗೆ ಸಿಕ್ಕರೆ ಪುಣ್ಯ, ಪಾಯ ಅಲ್ಲಿಗೆ ಇಳಿಸಿ. ಹತ್ತು ಅಡಿ ಆದರೂ ಕರಿ ಮಣ್ಣೇ ಬಂದರೆ, ತಳದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬ ಇಳಿಸಿ ಮೇಲೆ ಬೀಮ್ ಕಟ್ಟಬೇಕಾಗುತ್ತದೆ. ಖರ್ಚು ಜಾಸ್ತಿ. ಅಗ್ಗದ ಪ್ಲಾಟು ಅಗ್ಗ ಆಗಿರುವುದು ಕೆಲವೊಮ್ಮೆ ಇದಕ್ಕೇ. ಬಚ್ಚಲ ನೀರು ಗೋಡೆ ಬುಡಕ್ಕೆ ಇಳಿಯದಂತೆ ಸುತ್ತಲೂ ಶಹಾಬಾದ್ ಫರ್ಸಿ ಹಾಕಿಸಿ. ಬೀದರ್ ಕೋಟೆ ಸುತ್ತಿನ ಕೆಂಪು ಕಲ್ಲಿನ ನೆಲದವರಿಗೆ ಈ ಕಾಟ ಇಲ್ಲ, ಅವರ ಅದೃಷ್ಟ.

ನೀರನ್ನು ಗಂಡಸರ ಹತ್ತಿರ ಕೇಳಬೇಡಿ. ಕೊಡ ಹೊತ್ತು ಬರುವ ಹೆಣ್ಣುಮಕ್ಕಳನ್ನು ಕೇಳಿ, ಮೇ ತಿಂಗಳಲ್ಲಿ ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ. ಜಲಜೀವನ ಯೋಜನೆಯ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್, ಅವರ ಲೆಕ್ಕ ಬೇರೆ ಇರುತ್ತದೆ. ಇದು ಕರಿ ಬಂಡೆಯ ನೆಲ, ನೀರು ಬಿರುಕಿನಲ್ಲಿ ಇರುತ್ತದೆ. ಪಕ್ಕದವರ ಬೋರಿಗೆ ನೀರು ಬಿತ್ತು ಅಂದರೆ ನಿಮ್ಮದಕ್ಕೂ ಬೀಳುತ್ತದೆ ಅಂತಲ್ಲ. ಬಿದ್ದರೂ ಕುಡಿಯುವ ಮೊದಲು ಪರೀಕ್ಷೆ ಮಾಡಿಸಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಮಕ್ಕಳಿಗೆ ಕೊಡಬೇಡಿ. ಕರೆಂಟ್ ಊರಿನ ಲೈನಿನಿಂದ ಬರುತ್ತದೋ ಹೊಲದ ಪಂಪ್‌ಸೆಟ್ ಲೈನಿನಿಂದಲೋ ಅಂತ ಜೆಸ್ಕಾಂ ಲೈನ್‌ಮನ್ ಹೇಳುತ್ತಾನೆ. ಹೊಲದ ಲೈನ್ ಆದರೆ ಮೇ ತಿಂಗಳ ರಾತ್ರಿ ನಿಮ್ಮ ಅತ್ತೆಯವರಿಗೆ ಫ್ಯಾನ್ ಇರುವುದಿಲ್ಲ.

ಹೊಂದಿಕೊಳ್ಳುತ್ತೇವಾ ಎಂದು ಕೇಳಿದ್ದೀರಿ. ಹೊಸದಾಗಿ ಹೋದವರಿಗೆ ಮೊದಲ ಪ್ರಶ್ನೆ "ನೀವು ಯಾವ ಪೈಕಿ?" ಅಂತಲೇ ಬರುತ್ತದೆ. ಕೆಲವು ಊರಲ್ಲಿ ಆ ಉತ್ತರದ ಮೇಲೆ ಓಣಿಯೂ ತೀರ್ಮಾನ ಆಗಿಬಿಡುತ್ತದೆ. ಇದನ್ನು ಮುಚ್ಚಿಟ್ಟು ಹಳ್ಳಿ ಎಂದರೆ ಸ್ವರ್ಗ ಅಂತ ನಾನು ಹೇಳುವುದಿಲ್ಲ. ಜಾತ್ರೆಗೆ, ಮೊಹರಂಗೆ, ಭಜನೆ ಸಪ್ತಾಹಕ್ಕೆ ಪಟ್ಟಿ ಎತ್ತಲು ಬರುತ್ತಾರೆ. ಕೊಡಿ, ಕೊಟ್ಟು ಹೋಗಿ ಕೂತುಕೊಳ್ಳಿ. ನೀವು ಪೇಟೆಗೆ ಹೋದಾಗ ಮನೆಯಲ್ಲಿರುವ ಅತ್ತೆಗೆ ಎರಡು ರೊಟ್ಟಿ, ಒಂದಿಷ್ಟು ಪುಂಡಿಪಲ್ಲೆ ತಂದುಕೊಡುವವರು ಆ ಜನರೇ. ನನಗೆ ಹೋದ ವರ್ಷ ಕಾಲು ಮುರಿದಾಗ ನನ್ನನ್ನು ಎತ್ತಿ ಜೀಪಿಗೆ ಹಾಕಿದವರು ಆ ದಾರಿಯ ಕಾಕಾನ ಮಕ್ಕಳು.

ನನ್ನ ಸಲಹೆ ಕೇಳುವುದಾದರೆ, ಮೊದಲು ಅದೇ ಊರಲ್ಲಿ ಒಂದು ಮನೆ ಬಾಡಿಗೆಗೆ ಹಿಡಿಯಿರಿ. ಹೇಗೂ ಬಾಡಿಗೆ ಕಟ್ಟುತ್ತಲೇ ಇದ್ದೀರಿ. ಬೇಸಿಗೆ ರಜೆಯಲ್ಲಿ ಹೋಗಿ ದಸರಾವರೆಗೆ ಇರಿ. ಕೆಕೆಆರ್‌ಟಿಸಿಯ ಕೊನೆ ಬಸ್ಸು ಎಷ್ಟಕ್ಕೆ, ಬೆಳಿಗ್ಗೆ ಶಾಲೆಗೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತೀರಾ, ರಾತ್ರಿ ಹತ್ತಕ್ಕೆ ಅತ್ತೆಗೆ ಎದೆ ನೋವು ಬಂದರೆ ಗಾಡಿ ಯಾರದು, ಎಲ್ಲ ತಾನಾಗಿಯೇ ತಿಳಿಯುತ್ತದೆ. ಅಷ್ಟರಲ್ಲಿ ಊರವರೇ "ಟೀಚರ್, ಇಂಥವರ ಜಾಗ ಅದ ನೋಡ್ರಿ" ಎಂದು ಹೇಳುತ್ತಾರೆ. ಒಳ್ಳೆ ಜಾಗ ಏಜೆಂಟರ ಕೈಗೆ ಬರುವ ಮೊದಲೇ ಕೈ ಬದಲಾಗಿರುತ್ತದೆ.

ಹಣ ಹೊಂದಿಸುವಾಗ ನೋಂದಣಿ ಖರ್ಚು ಮರೆಯಬೇಡಿ. ಗ್ರಾಮೀಣ ಭಾಗದಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ನೂರಕ್ಕೆ 5.65. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1ರ ಬದಲು 2 ಆಗಿದೆ. ಒಟ್ಟು 7.65. ನೀವು ಹೇಳಿದ ಬೆಲೆಗೆ 36,720 ರೂಪಾಯಿ. ಸರ್ಕಾರದ ಮಾರ್ಗಸೂಚಿ ದರ ಅದಕ್ಕಿಂತ ಹೆಚ್ಚಿದ್ದರೆ ಆ ದರದ ಮೇಲೆ ಲೆಕ್ಕ.

ಬಯಾನಾ (ಮುಂಗಡ) ಕೊಟ್ಟಿದ್ದೀರಾ ಇಲ್ಲವಾ ಎಂದು ನೀವು ಬರೆದಿಲ್ಲ. ಕೊಟ್ಟಿಲ್ಲದಿದ್ದರೆ ಕೊಡಬೇಡಿ. ಕೊಟ್ಟಿದ್ದರೆ ಇವತ್ತೇ ಹೋಗಿ ತಾರೀಖು, ಸರ್ವೆ ನಂಬರ್, ಮೊತ್ತ ಮೂರೂ ಇರುವ ರಸೀದಿ ಬರೆಸಿಕೊಳ್ಳಿ. ವಾಪಸ್ ಕೇಳುವ ಮಾತು ಆಮೇಲೆ ಆಡಿ. ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಸರ್ವೆ ನಂಬರ್ ಸಿಕ್ಕಮೇಲೆ ನನಗೊಂದು ಸಾಲು ಬರೆಯಿರಿ, ಗ್ರಾಮ ನಕಾಶೆಯಲ್ಲಿ ದಾರಿ ಇದೆಯಾ ನಾನು ನೋಡಿ ಹೇಳುತ್ತೇನೆ.